ಎಡಗೈಗೊಂದು ಗರಗಸ

ನನ್ನ ಗರಗಸದ ಹಲ್ಲುಗಳ ಸಂದಿಯಲ್ಲಿ ಇವತ್ತಿಗೂ ಒಂದಿಷ್ಟು ಕುಂಕುಮ ಇದೆ. ಹಳೆಯ ಬ್ರಶ್ಶು ತೆಗೆದುಕೊಂಡು ಎಷ್ಟು ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ಈಗ ತಿಕ್ಕುವುದನ್ನೇ ಬಿಟ್ಟಿದ್ದೇನೆ. ಆ ಕುಂಕುಮ ಅಲ್ಲಿಗೆ ಹೇಗೆ ಬಂತು, ಅದಕ್ಕಾಗಿ ನಾನು ಎಷ್ಟು ಕೂಗಾಡಿದೆ, ಆಮೇಲೆ ಹೇಗೆ ಬಾಯಿ ಮುಚ್ಚಿಕೊಂಡು ಕುಳಿತೆ ಎಂಬುದನ್ನು ಒಮ್ಮೆ ಬರೆದಿಡಬೇಕು ಅನಿಸಿದೆ.

ನಾನು ಬೈಲಹೊಂಗಲದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ನಾವು ನಾಲ್ವರು ಗೆಳತಿಯರು, ನಾಲ್ವರೂ ಸಾಲಿ ಕಲಿಸುವವರೇ, ತಿಂಗಳಿಗೊಂದು ಭಾನುವಾರ, ನಮ್ಮ ಮಾತಿನಲ್ಲಿ ಐತವಾರ, ಮನೆ ಬಿಟ್ಟು ಬಯಲಿಗೆ ಹೋಗುತ್ತೇವೆ. ಒಂದು ಸಲ ಕಿತ್ತೂರಿನ ಆಚೆಯ ಕುರುಚಲು ಗುಡ್ಡ, ಇನ್ನೊಂದು ಸಲ ರಾಮದುರ್ಗದ ಕಡೆಯ ಬಂಡೆಗಳು, ಮಗದೊಂದು ಸಲ ನವಿಲುತೀರ್ಥದ ಹಿನ್ನೀರು. ಬುತ್ತಿ ಕಟ್ಟಿಕೊಂಡು ಹೋಗಿ ಉಂಡು ಬರುವುದಲ್ಲ. ರೊಟ್ಟಿ ಮಾತ್ರ ಮನೆಯದು. ಉಳಿದಂತೆ ಮೂರು ಕಲ್ಲು ಹೂಡಿ ಅಲ್ಲೇ ಒಲೆ, ಅಲ್ಲೇ ಕಡಲೆಹಿಟ್ಟಿನ ಜುಣಕ, ಅಲ್ಲೇ ಚಹಾ. ಗಂಡಂದಿರಿಗೆ ಪ್ರವೇಶವಿಲ್ಲ. ಒಬ್ಬಳು ನೀರು ತರಬೇಕು, ಒಬ್ಬಳು ಉಳ್ಳಾಗಡ್ಡಿ ಹೆಚ್ಚಬೇಕು, ಒಬ್ಬಳು ಒಗ್ಗರಣೆ ಹಾಕಬೇಕು. ಕಟ್ಟಿಗೆ ನನ್ನದು. ಬಿದ್ದ ಒಣ ಟೊಂಗೆಗಳನ್ನು ಹುಡುಕಿ ತಂದು, ಕೊಡಲಿಯಿಂದ ಕಡಿದು, ಹೊಗೆಯಾಡದ ಹಾಗೆ ಉರಿ ಹಚ್ಚಿಕೊಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗಿತ್ತು. ಈಗಲೂ ಇದೆ.

ಎರಡು ವರ್ಷದ ಹಿಂದೆ ಬಲಗಡೆಯ ಎದೆಯಲ್ಲಿ ಗಂಟು ಸಿಕ್ಕಿತು. ಬೆಳಗಾವಿಯಲ್ಲಿ ಆಪರೇಶನ್ನು ಆಯಿತು, ಆಮೇಲೆ ಆಗಬೇಕಾದ ಔಷಧವೆಲ್ಲ ಆಯಿತು, ಕೂದಲು ಹೋಗಿ ಮತ್ತೆ ಬಂತು. ಬದುಕಿಸಿದರು, ಅದಕ್ಕೆ ದಿನಾ ಕೈ ಮುಗಿಯುತ್ತೇನೆ. ಆದರೆ ಬಗಲಿನ ಗಂಟುಗಳನ್ನೂ ತೆಗೆದಿದ್ದರಿಂದ ಡಾಕ್ಟರು ಒಂದು ಮಾತು ಹೇಳಿ ಕಳಿಸಿದರು. ಇನ್ನು ಮುಂದೆ ಬಲಗೈಯಿಂದ ಭಾರ ಎತ್ತಬಾರದು, ಜಗ್ಗಬಾರದು, ಆ ಕೈಗೆ ಸಣ್ಣ ಗಾಯವೂ ಆಗಬಾರದು. ಇಲ್ಲದಿದ್ದರೆ ಬಾವು ಬರುತ್ತದೆ. ಕೊಡಲಿಯ ಕತೆ ಅಲ್ಲಿಗೆ ಮುಗಿಯಿತು.

ಆವತ್ತಿನಿಂದ ಊರೆಲ್ಲ ನನಗೆ ಒಂದೇ ಮಾತು ಹೇಳತೊಡಗಿತು: ಕುಂಡ್ರು. ಕೊಡ ಹಿಡಿದರೆ ಕುಂಡ್ರು, ಹಿಟ್ಟು ನಾದಲು ಹೋದರೆ ಕುಂಡ್ರು, ಸಾಲಿಯಲ್ಲಿ ಬೋರ್ಡು ಒರೆಸಲು ಕೈ ಎತ್ತಿದರೆ ಕುಂಡ್ರ್ರಿ ಅಕ್ಕಾರ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕಾರ ಅಂತಲೇ ಕರೆಯುವುದು. ನಮ್ಮ ಮನೆಯವರಂತೂ ನಾನು ನೀರಿನ ತಂಬಿಗೆ ಎತ್ತಿದರೂ ಓಡಿ ಬರುತ್ತಿದ್ದರು. ಎಲ್ಲ ಪ್ರೀತಿಯೇ, ಗೊತ್ತು. ಆದರೆ ಕೂತು ಕೂತು ನಾನು ಮನೆಯ ಸಾಮಾನುಗಳಲ್ಲಿ ಒಂದಾಗಿಬಿಡುತ್ತೇನೆ ಎಂಬ ಹೆದರಿಕೆ ಹುಟ್ಟಿತು. ರೋಗಕ್ಕೆ ಅಷ್ಟು ಹೆದರಿರಲಿಲ್ಲ.

ಕುಂಡ್ರು ಅನ್ನದಿದ್ದವರು ಒಬ್ಬರೇ, ನಮ್ಮ ಅತ್ತೆ. ಆಪರೇಶನ್ನಾಗಿ ಮೂರನೇ ವಾರಕ್ಕೆ ಮೊರದ ತುಂಬ ಶೇಂಗಾ ತಂದು ನನ್ನ ಮುಂದೆ ಇಟ್ಟು, ಎಡಗೈಲೆ ಸುಲಿ ಎಂದು ಹೇಳಿ ಹೋದರು. ಎಂಥ ಕಲ್ಲೆದೆಯ ಹೆಂಗಸು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ತಾಯಿಗೆ ಫೋನು ಮಾಡಿಯೂ ಹೇಳಿದೆ. ಸಿಟ್ಟು ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ.

ಔಷಧದ ಕಾಲವೆಲ್ಲ ಮುಗಿದು ಗೆಳತಿಯರ ಜೊತೆ ಮೊದಲ ಸಲ ಹೊರಗೆ ಹೋದ ದಿನ ಇನ್ನೊಂದು ಪೆಟ್ಟು ಬಿತ್ತು. ಒಗ್ಗರಣೆಯ ಗೆಳತಿ, ನಮ್ಮಲ್ಲಿ ಎಲ್ಲರಿಗಿಂತ ಎತ್ತರದವಳು, ಗಾಡಿಯ ಡಿಕ್ಕಿಯಿಂದ ಒಂದು ಸಣ್ಣ ಗ್ಯಾಸಿನ ಒಲೆ ಹೊರಗೆ ತೆಗೆದಳು. ಹಿಂದೆಯೇ ಒಂದು ಮಡಚುವ ಕುರ್ಚಿ, ಮೇಲೊಂದು ತಲೆದಿಂಬು.

"ಇನ್ನ ಕಟ್ಟಿಗಿ ಚಿಂತಿ ಇಲ್ಲ ನೋಡು. ನೀ ಆರಾಮ ಕುಂಡ್ರು," ಅಂದಳು.

ನಾನು ಕುಳಿತೆ. ಒಲೆ ಫಸ್ ಎಂದು ಹತ್ತಿಕೊಂಡಿತು. ಜುಣಕ ಐದು ನಿಮಿಷದಲ್ಲಿ ಆಯಿತು, ಚಹಾ ಮೂರು ನಿಮಿಷದಲ್ಲಿ. ಎಲ್ಲರೂ ಎಷ್ಟು ಸುಲಭ ಆಯಿತಲ್ಲ ಎಂದು ಹೊಗಳಿದರು. ಆ ಗುಂಪಿನಲ್ಲಿ ನನಗಿದ್ದದ್ದು ಒಂದೇ ಕೆಲಸ, ಅದನ್ನು ಅಂಗೈ ಅಗಲದ ಒಂದು ಡಬ್ಬಿ ಕಸಿದುಕೊಂಡಿತ್ತು. ಮುಂದಿನ ತಿಂಗಳು ಇವರು ನನ್ನನ್ನು ಕರೆಯುವುದು ನಾನು ಬೇಕೆಂದೋ, ಪಾಪ ಎಂದೋ? ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಮನೆ ಮುಟ್ಟುವ ಹೊತ್ತಿಗೆ ನಿಶ್ಚಯ ಮಾಡಿದ್ದೆ: ಕೊಡಲಿ ಆಗದಿದ್ದರೆ ಗರಗಸ. ಬಲಗೈ ಬೇಡವಾದರೆ ಎಡಗೈ.

ಬಜಾರಿನ ಅಂಗಡಿಯಲ್ಲಿ ಕೇಳಿದರೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ತೋರಿಸಿದರು, ಇಲ್ಲವೆ ಬಡಿಗೇರು ಬಳಸುವ ಉದ್ದನೆಯದು. ಚೀಲದಲ್ಲಿ ಹಿಡಿಸುವ, ಚಾಕುವಿನ ಹಾಗೆ ಮಡಚುವ ಗರಗಸ ಬೇಕೆಂದೆ. ಅಂಗಡಿಯವರು ನನ್ನ ಮುಖ ನೋಡಿ, ಮನೆಯವರನ್ನು ಕಳಿಸಿ ಎಂದರು. ಅಲ್ಲಿಂದ ಎದ್ದು ಬಂದವಳೇ ಫೋನಿನಲ್ಲಿ ಹುಡುಕಿ ಒಂದನ್ನು ತರಿಸಿಕೊಂಡೆ. ಕೆಂಪು ಹಿಡಿಕೆ, ಮೊಳದ ಹತ್ತಿರ ಹತ್ತಿರ ಉದ್ದದ ಅಲಗು. ಚಿತ್ರದಲ್ಲಿ ಅದನ್ನು ಹಿಡಿದವನು ತೊಡೆ ದಪ್ಪದ ಮರ ಕೊಯ್ಯುತ್ತಿದ್ದ. ನನಗೂ ಅಂಥದೇ ಬೇಕು ಅನಿಸಿತ್ತು. ಬಂದ ಮೇಲೆ ನೋಡಿದರೆ ಎಡಗೈಯಲ್ಲಿ ಎತ್ತಿ ಹಿಡಿದರೆ ಮುಂಗೈ ನಡುಗುತ್ತದೆ. ಅಲಗನ್ನು ಬಿಡಿಸುವ ಗುಂಡಿ ಬಲಗೈ ಹೆಬ್ಬೆರಳಿಗೆ ಸರಿಯಾಗಿ ಒಂದೇ ಮಗ್ಗುಲಿಗಿದೆ. ಎಡಗೈಯವಳು ಅದನ್ನು ಹಲ್ಲಿನಿಂದ ಒತ್ತಬೇಕು. ಪೆಟ್ಟಿಗೆಗೆ ಹಾಕಿ ವಾಪಸು ಕಳಿಸಿದೆ.

ಆಗ ನೆನಪಾದವರು ಸಂಪಗಾಂವದ ಬಡಿಗೇರ ಅಜ್ಜ. ನಮ್ಮ ಹೊಲದ ನೇಗಿಲು, ಕೂರಿಗೆ, ಮನೆಯ ಬಾಗಿಲು ಎಲ್ಲ ಅವರ ಕೈಯಲ್ಲಿ ಆದದ್ದು. ಎಪ್ಪತ್ತು ದಾಟಿದರೂ ದಿನಾ ಕಟ್ಟೆಯ ಮೇಲೆ ಕೂತು ಏನಾದರೂ ಕೆತ್ತುತ್ತಿರುತ್ತಾರೆ. ಅವರ ಮುಂದೆ ಫೋನು ಹಿಡಿದು ಒಂದೊಂದೇ ಚಿತ್ರ ತೋರಿಸಿದೆ. ಯಾಕೆ ಬೇಕು, ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಅವರು ಒಂದು ಮಾತೂ ಕೇಳಲಿಲ್ಲ. ಯಾವ ಕೈ ಎಂದು ಮಾತ್ರ ಕೇಳಿದರು. ಎಡಗೈ ಎಂದೆ. ತಮ್ಮ ಗರಗಸವನ್ನು ನನ್ನ ಎಡಗೈಗೆ ಕೊಟ್ಟು ಒಂದು ಜಾಲಿ ತುಂಡನ್ನು ಮುಂದೆ ಸರಿಸಿದರು.

ಕೊಯ್ಯಲು ಹೋದರೆ ತುಂಡು ಓಡಾಡುತ್ತದೆ. ಬಲಗೈಯಿಂದ ಒತ್ತಿ ಹಿಡಿಯುವ ಹಾಗಿಲ್ಲ. ನನಗೆ ಅಳುವೇ ಬಂತು. ಅಜ್ಜ ನಕ್ಕು, ಕಾಲು ಎರಡು ಕೊಟ್ಟಾನಲ್ಲ ದೇವರು ಎಂದರು. ತಾವೇ ಒಂದು ಪಾದವನ್ನು ತುಂಡಿನ ಮೇಲೆ ಊರಿ ತೋರಿಸಿದರು. ನಮ್ಮ ಕಡೆಯ ಬಡಿಗೇರು ಕಾಲಿನಿಂದಲೇ ಕಟ್ಟಿಗೆ ಹಿಡಿಯುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೆ ಕಂಡಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಾನೂ ಹಾಗೇ ಪಾದ ಊರಿದೆ. ತುಂಡು ಅಲುಗಾಡಲಿಲ್ಲ.

ಎರಡು ಅಂಗುಲ ಕೊಯ್ಯುವಷ್ಟರಲ್ಲಿ ತೋಳು ಸೋತು ಬಂತು. ಅಜ್ಜ ಫೋನಿನಲ್ಲಿದ್ದ ಗರಗಸದ ಹಲ್ಲುಗಳನ್ನು ದೊಡ್ಡದು ಮಾಡಿಸಿ, ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಅಕ್ಕಾರ, ನಮ್ಮ ಗರಗಸಾ ಒತ್ತಿದ್ರ ಕೊಯ್ತೈತಿ. ಇದರ ಹಲ್ಲು ಹಿಂದಕ ಬಾಗ್ಯಾವು, ಇದು ಎಳದ್ರ ಕೊಯ್ತೈತಿ. ನಿಮಗ ಇದ ಬರೋಬರಿ. ಒತ್ತಾಕ ಹೋಗಬ್ಯಾಡ್ರಿ, ಅಲಗು ಬಾಗತೈತಿ. ಮೈ ಹಿಂದಕ ವಾಲಿಸಿ ಸುಮ್ನ ಎಳೀರಿ," ಅಂದರು.

ಆಮೇಲೆ ಮಡಚುವ ಗರಗಸ ಆರಿಸುವುದು ಹೇಗೆ ಎಂದು ಅರ್ಧ ತಾಸು ಪಾಠ ಮಾಡಿದರು. ಇಂಥ ಗರಗಸವನ್ನು ಅವರು ಜನ್ಮದಲ್ಲಿ ಕೈಯಲ್ಲಿ ಹಿಡಿದಿರಲಿಲ್ಲ ಎಂಬುದು ಬೇರೆ ಮಾತು. ಅಲಗು ಒಂದು ಗೇಣು ಸಾಕು, ಒಲೆಗೆ ಮುಂಗೈ ದಪ್ಪಕ್ಕಿಂತ ದೊಡ್ಡ ಕಟ್ಟಿಗೆ ಯಾಕೆ ಬೇಕು? ಹಸಿ ಟೊಂಗೆಗೆ ಹಲ್ಲು ದೊಡ್ಡದಿರಬೇಕು, ಒಣ ಜಾಲಿಗೆ ನಡುತರದ್ದು. ಬಿಚ್ಚಿದಾಗ ಅಲಗು ಕೀಲಿನಲ್ಲಿ ಒಂದಿಷ್ಟೂ ಲಟಪಟ ಅನ್ನಬಾರದು, ಹಾಗೆ ಅಲುಗಾಡಿದರೆ ಅದು ಬೆರಳಿನ ಮೇಲೆ ಮುಚ್ಚಿಕೊಳ್ಳುತ್ತದೆ. ಮಡಚಿ ಚೀಲದಲ್ಲಿ ಹಾಕಿದ ಮೇಲೆ ತಾನಾಗಿ ಬಿಚ್ಚಿಕೊಳ್ಳಲೂಬಾರದು. ಬಿಡಿಸುವ ಗುಂಡಿ ಹಿಡಿಕೆಯ ಬೆನ್ನ ಮೇಲಿದ್ದರೆ ಯಾವ ಕೈಗಾದರೂ ಸಿಗುತ್ತದೆ. ಹಿಡಿಕೆ ಬೆವರಿಗೆ ಜಾರಬಾರದು. ಇಷ್ಟು ಹೇಳಿ, ಬಣ್ಣ ನೋಡಬೇಡಿ ಎಂದು ಸೇರಿಸಿದರು. ಕೆಂಪು ಹಿಡಿಕೆಯ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ!

ಎರಡನೆಯದು ದಸರೆಯ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಬಂತು. ಕಪ್ಪು ಹಿಡಿಕೆ, ಗೇಣುದ್ದದ ಅಲಗು, ಗುಂಡಿ ಬೆನ್ನ ಮೇಲೆ. ಎಡಗೈ ಹೆಬ್ಬೆರಳು ಒತ್ತಿದೊಡನೆ ಟಕ್ ಎಂದು ಬಿಚ್ಚಿಕೊಂಡಿತು. ಹಿತ್ತಲಲ್ಲಿ ಮುರಿದ ಹೊರಸಿನ ಕಾಲೊಂದು ಬಿದ್ದಿತ್ತು. ಅದರ ಮೇಲೆ ಪಾದವಿಟ್ಟು ದಿನಾ ಸಂಜೆ ಎಳೆಯಲು ಕಲಿತೆ. ಮೊದಲ ದಿನ ರೂಢಿಯಂತೆ ಒತ್ತಿ ಒತ್ತಿ ಅಲಗನ್ನು ಬಾಗಿಸಿಯೇ ಬಿಡುತ್ತಿದ್ದೆ. ಮೂರನೇ ದಿನ ಮೈ ಹಿಂದಕ್ಕೆ ವಾಲುವುದು ತಾನಾಗಿ ಬಂತು. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು, ಇದ್ದ ಒಂದು ಕೈಯನ್ನೂ ಕೊಯ್ದುಕೊಳ್ಳುತ್ತೀಯೇನು ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಕೊನೆಯ ತುಂಡು ಬೀಳುವ ತನಕ ನೋಡುತ್ತಿದ್ದರು.

ಖಂಡೇನವಮಿಗೆ ನಮ್ಮ ಮನೆಯಲ್ಲಿ ಆಯುಧ ಪೂಜೆ. ಟ್ರ್ಯಾಕ್ಟರಿನ ಕೀಲಿ, ಗುದ್ದಲಿ, ಕೊಡಲಿ, ಈಳಿಗೆ, ಪಂಪು ಬಿಚ್ಚುವ ಪಾನಾ, ಎಲ್ಲವನ್ನೂ ತೊಳೆದು ಕಂಬಳಿಯ ಮೇಲೆ ಸಾಲಾಗಿ ಇಡುತ್ತಾರೆ. ಇಡುವವರು ಅತ್ತೆ, ಅದರಲ್ಲಿ ಬೇರೆಯವರ ಮಾತು ನಡೆಯುವುದಿಲ್ಲ. ಮಾವನವರು ವಯಸ್ಸಾಗಿ ಹೊಲ ಬಿಟ್ಟ ವರ್ಷ ಎತ್ತು ಹೊಡೆಯುವ ಅವರ ಬಾರಕೋಲನ್ನು ಪೂಜೆಗಿಡದೆ ಗೂಟಕ್ಕೆ ತೂಗುಹಾಕಿದ್ದೂ ಅವರೇ. ಮಾವನವರು ತೀರಿಕೊಂಡ ಮೇಲೂ ಅದು ಅಲ್ಲೇ ಇದೆ. ಇಟ್ಟ ಸಾಮಾನನ್ನು ಮರುದಿನ ಬನ್ನಿ ಮುಡಿದು ಬರುವ ತನಕ ಯಾರೂ ಮುಟ್ಟಬಾರದು. ನಾನು ಆ ದಿನ ಹೋಳಿಗೆಯ ಗದ್ದಲದಲ್ಲಿದ್ದೆ. ಪೂಜೆಗೆ ಕೈ ಮುಗಿಯಲು ಹೋದಾಗ ಸಾಲಿನ ನಟ್ಟನಡುವೆ ನನ್ನ ಗರಗಸ ಬಾಯಿ ತೆರೆದುಕೊಂಡು ಕೂತಿತ್ತು. ವಿಭೂತಿ, ಕುಂಕುಮ, ಸೇವಂತಿಗೆ ಹೂವು, ಮೇಲೆ ಧಾರಾಳವಾಗಿ ಕಾಯಿ ನೀರು. ನನಗೆ ನಗು ಬಂತು. ಹೊಸ ಸಾಮಾನು, ಮುದುಕಿಗೆ ಖುಷಿ ಎಂದುಕೊಂಡು ಸುಮ್ಮನಾದೆ. ಬನ್ನಿ ಮುಡಿದು ಬಂದ ಸಂಜೆ ಅತ್ತೆಯೇ ಅದನ್ನು ಮಡಚಿ ಒಂದು ಅರಿವೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟರು. ನಾನು ಬಿಚ್ಚಿ ನೋಡಲಿಲ್ಲ.

ಎರಡು ವಾರಕ್ಕೆ ನಮ್ಮ ತಿಂಗಳ ಭಾನುವಾರ ಬಂತು. ನವಿಲುತೀರ್ಥದ ಕಡೆ ಮುನವಳ್ಳಿಯ ಹತ್ತಿರ ಎತ್ತರದ ಗೆಳತಿಯ ತವರು ಹೊಲ ಇದೆ. ಕಾಲುವೆಯ ದಂಡೆಯಲ್ಲಿ ಜಾಲಿಯ ಒಣ ಟೊಂಗೆಗಳು ಬೇಕಾದಷ್ಟು ಬಿದ್ದಿದ್ದವು. ಗ್ಯಾಸಿನ ಒಲೆ ಇವತ್ತು ಗಾಡಿಯಿಂದ ಇಳಿಯಬಾರದು ಎಂದು ನಾನು ಫೋನಿನಲ್ಲೇ ಅಪ್ಪಣೆ ಕೊಟ್ಟಿದ್ದೆ. ಕಲ್ಲು ಹೂಡಿದರು. ಮೂವರೂ ಸುತ್ತ ನಿಂತರು. ನಾನು ಟೊಂಗೆಯ ಮೇಲೆ ಪಾದವಿಟ್ಟು, ಬಡಿಗೇರ ಅಜ್ಜನ ಠೀವಿಯಲ್ಲಿ ಗುಂಡಿ ಒತ್ತಿದೆ.

ಬಿಚ್ಚಲಿಲ್ಲ. ಮತ್ತೆ ಒತ್ತಿದೆ. ಗುಂಡಿ ಒಳಗೆ ಹೋದದ್ದು ಮೇಲೆ ಬರಲಿಲ್ಲ. ಕೀಲಿನ ಸುತ್ತ ಕಾಯಿ ನೀರೂ ಕುಂಕುಮವೂ ಕೂಡಿ ಗಟ್ಟಿಯಾಗಿ ಕೂತಿದ್ದವು, ಅದರೊಳಗಿಂದ ಕಂದು ಬಣ್ಣದ ತುಕ್ಕು, ನಾವು ಜಂಗು ಅನ್ನುವುದು, ಇಣುಕುತ್ತಿತ್ತು. ಬಲಗೈ ಹಚ್ಚಿ ಜಗ್ಗಲು ಹೋದೆ. ಮೂವರೂ ಒಟ್ಟಿಗೆ ಬೇಡ ಎಂದರು. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಎತ್ತರದ ಗೆಳತಿ ಸದ್ದು ಮಾಡದೆ ಗಾಡಿಯ ಕಡೆ ಹೋಗಿ ಒಲೆ ತಂದಳು. ಕುರ್ಚಿಯೂ ಬಂತು. ನಾನು ಕುಳಿತೆ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಅದು ದೇವರಲ್ಲ, ಗರಗಸ ಎಂದೆ. ಉಕ್ಕಿಗೆ ನೀರು ಹಾಕಿ ಮಡಚಿಟ್ಟರೆ ಏನಾಗುತ್ತದೆ ಎಂದು ಏಳನೇ ಇಯತ್ತೆಯ ಮಕ್ಕಳಿಗೂ ಗೊತ್ತು ಎಂದೆ. ಕೇಳದೆ ಯಾಕೆ ಮುಟ್ಟಿದಿರಿ ಎಂದೆ. ನಾಲ್ಕು ಮಂದಿಯ ಮುಂದೆ ನನ್ನ ಮಾನ ತೆಗೆದಿರಿ ಎಂದೆ. ಇನ್ನೂ ಅಂದೆ, ಎಲ್ಲವನ್ನೂ ಬರೆಯಲು ನಾಚಿಕೆ. ಒಳಗಿಂದ ಬಂದ ಮನೆಯವರು ನನ್ನ ಮುಖ ನೋಡಿ ಹಾಗೇ ಹಿಂದಿರುಗಿದರು.

ಅತ್ತೆ ಮೊರ ಕೆಳಗಿಟ್ಟರು. ಅವರ ಬಾಯಿ ನನ್ನದಕ್ಕಿಂತ ಜೋರು, ತಿರುಗಿ ಬೀಳುತ್ತಾರೆ ಎಂದು ನಾನು ಕಾದೆ. ಅವರು ಮೆಲ್ಲಗೆ ಹೇಳಿದರು.

"ತಪ್ಪಾತವಾ. ಜಂಗ ಹತ್ತತೈತಿ ಅನ್ನೂದು ತಿಳೀಲಿಲ್ಲ ನನಗ. ಆದ್ರ ದುಡಿಯೋರ ಸಾಮಾನು ಪೂಜಾಕ ಇಡಲಾರದ ಹೆಂಗ ಇರಲಿ? ನಿಮ್ಮ ಮಾವ ಕೆಲಸ ಬಿಟ್ರು, ಬಾರಕೋಲ ಗೂಟಕ್ಕ ಹಾಕಿದೆ. ನನ್ನ ಮೊಣಕಾಲು ಹೋದವು, ನನ್ನ ಕುಡಗೋಲ ನಾನ ಅಟ್ಟದ ಮ್ಯಾಲ ಇಟ್ಟೆ. ಎಲ್ಲಾರೂ ನಿನಗ ಕುಂಡ್ರು ಕುಂಡ್ರು ಅಂತಾರ. ನೀ ಕುಂಡ್ರಾಕಿ ಅಲ್ಲ. ಅದಕ್ಕ ನಡುವ ಇಟ್ಟೆ, ನೋಡ್ಲಿ ಎಲ್ಲಾರೂ ಅಂತ."

ನಾನು ಬಾಗಿಲಲ್ಲೇ ಕುಳಿತೆ. ಗೂಟದಲ್ಲಿ ಬಾರಕೋಲು ತೂಗುತ್ತಿತ್ತು. ಆ ಬಾರಕೋಲನ್ನು ಇಷ್ಟು ವರ್ಷ ದಿನಾ ನೋಡಿದ್ದೇನೆ. ಶೇಂಗಾದ ಮೊರವೂ ನೆನಪಾಯಿತು. ನನ್ನ ಎಡಗೈಗೆ ಮೊದಲ ಕೆಲಸ ಕೊಟ್ಟವರು ಬಡಿಗೇರ ಅಜ್ಜ ಅಲ್ಲ, ಇವರು. ಇಷ್ಟೆಲ್ಲ ಓದಿ, ಮಕ್ಕಳಿಗೆ ಕಲಿಸಿ, ಒಂದೇ ಮನೆಯಲ್ಲಿದ್ದವರ ಮನಸ್ಸು ತಿಳಿಯಲಿಲ್ಲವಲ್ಲ ಎಂದು ಜೋರಾಗಿ ಅತ್ತುಬಿಟ್ಟೆ. ಅವರು ಸಮಾಧಾನವೇನೂ ಮಾಡಲಿಲ್ಲ. ಆ ಗರಗಸ ಇಲ್ಲಿ ತಾ ಎಂದರು.

ಮನೆಯವರು ಬಟ್ಟಲಲ್ಲಿ ಟ್ರ್ಯಾಕ್ಟರಿನ ಡೀಸೆಲ್ ತಂದುಕೊಟ್ಟರು. ಗರಗಸವನ್ನು ಅದರಲ್ಲಿ ನೆನೆಹಾಕಿ ನಾವಿಬ್ಬರೂ ಎದುರು ಬದುರು ಕೂತೆವು. ಅತ್ತೆ ಕೀಲನ್ನು ಬ್ರಶ್ಶಿನಿಂದ ತಿಕ್ಕಿದರು, ನಾನು ಗುಂಡಿಯನ್ನು ಸೂಜಿಯಿಂದ ಬಿಡಿಸಿದೆ. ಬಹಳ ಹೊತ್ತಿನ ಮೇಲೆ ಅದು ಟಕ್ ಎಂದಿತು. ಅಲಗಿನ ಮೇಲಿನ ಜಂಗು ಮೇಲುಮೇಲಿನದೇ ಆಗಿತ್ತು, ಹಲ್ಲು ಹಾಳಾಗಿರಲಿಲ್ಲ. ಒರೆಸಿ ಶೇಂಗಾ ಎಣ್ಣೆಯ ಒಂದು ಕೈ ಸವರಿದೆವು. ಕುಂಕುಮ ಮಾತ್ರ ಹಲ್ಲುಗಳ ಬುಡದಲ್ಲಿ ಉಳಿಯಿತು.

ಮುಂದಿನ ತಿಂಗಳು ಮತ್ತೆ ಅದೇ ಕಾಲುವೆಯ ದಂಡೆ. ಈ ಸಲ ಯಾರಿಗೂ ಅಪ್ಪಣೆ ಕೊಡಲಿಲ್ಲ, ಒಲೆ ಇಳಿಯಿತು, ಕುರ್ಚಿಯೂ ಇಳಿಯಿತು. ನಾನು ಸುಮ್ಮನೆ ದಂಡೆಯ ಕಡೆ ಹೋಗಿ ಮುಂಗೈ ದಪ್ಪದ ಟೊಂಗೆಯ ಮೇಲೆ ಪಾದವಿಟ್ಟು ಎಳೆದೆ. ಮರದ ಹೊಟ್ಟು ಉದುರಿದಾಗ ಅದರ ವಾಸನೆಗೆ ನನಗೆ ಕಣ್ಣು ತುಂಬಿತು. ನಾಲ್ಕು ತುಂಡು ಆಗುವಷ್ಟರಲ್ಲಿ ತೋಳು ಸೋತಿತು, ಕೂತು ಸುಧಾರಿಸಿಕೊಂಡು ಇನ್ನೂ ನಾಲ್ಕು ಕೊಯ್ದೆ. ಮೊದಲು ಕೊಡಲಿಯಿಂದ ಹತ್ತು ನಿಮಿಷಕ್ಕೆ ಆಗುತ್ತಿದ್ದುದಕ್ಕೆ ಮುಕ್ಕಾಲು ತಾಸು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಎತ್ತರದ ಗೆಳತಿ ಕುರ್ಚಿಯ ಮೇಲೆ ತಾನೇ ಕೂತು, ತಲೆದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು, ಚಹಾ ಯಾವಾಗ ಬರುತ್ತದೆ ಎಂದು ನನ್ನನ್ನು ಗದರಿಸಿದಳು. ಅವಳು ನನಗೆ ಮಾಡಿದ ಉಪಕಾರಗಳಲ್ಲಿ ಅದೇ ದೊಡ್ಡದು.

ಗರಗಸ ಕೊಳ್ಳಬೇಕೆನ್ನುವವರು ಈಗ ನನ್ನನ್ನೇ ಕೇಳುತ್ತಾರೆ. ಅಜ್ಜ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಹೇಳುತ್ತೇನೆ. ಬಳಸಿದ ಮೇಲೆ ಒರೆಸಿ ಎಣ್ಣೆ ಸವರಿ, ಒದ್ದೆ ಇದ್ದಾಗ ಮಡಚಬೇಡಿ ಎಂಬುದನ್ನು ನನ್ನ ಕಡೆಯಿಂದ ಸೇರಿಸುತ್ತೇನೆ.

ಈ ವರ್ಷದ ಖಂಡೇನವಮಿಯ ಬೆಳಿಗ್ಗೆ, ಅತ್ತೆ ಸ್ನಾನಕ್ಕೆ ಹೋದಾಗ, ಮನೆಯವರನ್ನು ಅಟ್ಟ ಹತ್ತಿಸಿ ಕುಡಗೋಲನ್ನು ಕೆಳಗಿಳಿಸಿದೆ. ಹಿಡಿಕೆ ಅವರ ಕೈ ಆಡಿ ಆಡಿ ನುಣುಪಾಗಿತ್ತು. ತಿಕ್ಕಿ, ಎಣ್ಣೆ ಸವರಿ, ಕಂಬಳಿಯ ನಡುವೆ ನನ್ನ ಗರಗಸದ ಪಕ್ಕಕ್ಕೆ ಇಟ್ಟೆ. ಆ ಸಾಲಿನಲ್ಲಿ ನಾನು ಕೈ ಹಾಕಿದ್ದು ಅದೇ ಮೊದಲು. ಅತ್ತೆ ಬಂದು ನೋಡಿದರು. ತಮ್ಮ ದುಡಿಮೆ ಮುಗಿದಿದೆ ಎಂದು ತೆಗೆದುಬಿಡುತ್ತಾರೋ ಎಂದು ನಾನು ಅವರ ಕೈಯನ್ನೇ ನೋಡುತ್ತ ನಿಂತೆ. ಅವರು ಕುಡಗೋಲಿಗೆ ವಿಭೂತಿ ಹಚ್ಚಿದರು, ಕುಂಕುಮ ಹಚ್ಚಿದರು, ಕಾಯಿ ಒಡೆದು ಅದರ ನೀರನ್ನು ನಿಧಾನಕ್ಕೆ ಹಿಡಿಕೆಯಿಂದ ತುದಿಯ ತನಕ ಹಾಕಿದರು. ಕಾಯಿ ಹಿಡಿದ ಕೈ ಗರಗಸದ ಮೇಲೆ ಬಂದು ನಿಂತಿತು. ಆಮೇಲೆ ಹಿಂದಕ್ಕೆ ಸರಿಯಿತು.

"ಇದಕ್ಕ ಬ್ಯಾಡ," ಅಂದರು. "ಬರೂ ಐತವಾರ ಬೇಕಾಗತೈತಿ ನಿನಗ."